ಸಾಕು, ಬಾ

ನಮ್ಮೂರಿನಲ್ಲಿ ಆಷಾಢ ಕಾಲಿಟ್ಟಿತೆಂದರೆ ಎರಡು ಬಗೆಯ ಗಾಡಿಗಳು ಹೊರಡುತ್ತವೆ. ಹೊಸ ಸೊಸೆಯರನ್ನು ತವರಿಗೆ ಒಯ್ಯುವ ಗಾಡಿಗಳು ಒಂದು ಬಗೆ. ಆಟಗಾರರನ್ನು ಸೇತುವೆಗೆ ಒಯ್ಯುವ ಗಾಡಿಗಳು ಇನ್ನೊಂದು. ಮೊದಲನೆಯವು ಹೋದವರನ್ನೇ ಕೂರಿಸಿಕೊಂಡು ಶ್ರಾವಣದಲ್ಲಿ ತಿರುಗಿ ಬರುತ್ತವೆ. ಎರಡನೆಯವು ಅದೇ ದಿನ ಸಂಜೆಗೆ ಬಂದುಬಿಡುತ್ತವೆ, ಒಳಗೆ ಕೂತವನು ಮಾತ್ರ ಬೇರೆ.

ನಮ್ಮದು ಹುತುತು ಆಡುವ ಊರು. ಹೊಳೆಯ ಗುಂಟ ಇರುವ ಊರುಗಳೆಲ್ಲ ಹಾಗೆಯೇ. ಬೇರೆ ಕಡೆ ಇದನ್ನು ಕಬಡ್ಡಿ ಎನ್ನುತ್ತಾರಂತೆ. ದೀಪಾವಳಿಯ ಬೂದಿ ಆರುವ ಹೊತ್ತಿಗೆ ಬಯಲಿನಲ್ಲಿ ಗೆರೆ ಎಳೆದರೆ ಯುಗಾದಿಯ ಹಿಂದಿನ ವಾರದವರೆಗೆ ಆಟ. ಯಾವ ಊರೂ ತನ್ನಲ್ಲಿ ಹುಟ್ಟಿದ ಹುಡುಗನನ್ನು ಆಡಿಸುವಂತಿಲ್ಲ; ಆಡುವವರೆಲ್ಲ ಹೊರಗಿನಿಂದ ಬಂದವರು. ಹಿರಿಯರು ಯೋಚನೆ ಮಾಡಿಯೇ ಈ ಕಟ್ಟಳೆ ಹಾಕಿದ್ದಾರೆ. ಯಾರೂ ಹೆತ್ತವ್ವನನ್ನು ಮರೆಯುವಂತಾಗಬಾರದು ನೋಡಿ.

ಯಾಕೆಂದರೆ ಆಷಾಢದ ಸೇತುವೆಯಲ್ಲಿ ಮರೆವು ಇದೆ. ಇಲ್ಲಿಂದ ಹೋಗುವವನು, ಅಲ್ಲಿಂದ ಬರುವವನು ನಡುಸೇತುವೆಯಲ್ಲಿ ಒಬ್ಬರನ್ನೊಬ್ಬರು ದಾಟುತ್ತಾರೆ. ದಾಟಿದ ಮೇಲೆ ಹೋದವನಿಗೆ ನಮ್ಮೂರು ಗೊತ್ತಿರುವುದಿಲ್ಲ. ಬಂದವನಿಗೆ ಗೊತ್ತಿರುತ್ತದೆ. ಹೋದವನಿಗೆ ಎಷ್ಟು ಗೊತ್ತಿತ್ತೋ ಅಷ್ಟೂ, ಹೋದವನು ಎಲ್ಲಿ ನಿಂತು ನೋಡಿದ್ದನೋ ಅಲ್ಲಿಂದಲೇ. ಹುಟ್ಟಿದ ಮನೆ, ಅವ್ವ, ಅಪ್ಪ, ಕಲಿತ ಪ್ರಾರ್ಥನೆ ಅವರವರ ಹತ್ತಿರವೇ ಉಳಿಯುತ್ತವೆ. ಆಡಿದ ಊರು ಮಾತ್ರ ಅದಲುಬದಲಾಗುತ್ತದೆ. ಬರೀ ಪಂದ್ಯಕ್ಕೆ, ಸಂತೆಗೆ ಓಡಾಡಿದರೆ ಏನೂ ಆಗುವುದಿಲ್ಲ. ಆಷಾಢದಲ್ಲಿ ಇಬ್ಬರು ಎದುರುಬದುರು ದಾಟಿದರೆ ಮಾತ್ರ.

ನಾವು ಇದಕ್ಕೆ ಒಗ್ಗಿಕೊಂಡಿದ್ದೇವೆ. ಹೊಸಬ ಗಾಡಿ ಇಳಿದವನೇ ನಮ್ಮ ಟೇಲರ್ ಗುರುಶಾಂತಪ್ಪನ ಜಗುಲಿಗೆ ಹೋಗಿ, ಹೋದವನು ಅರ್ಧಕ್ಕೆ ಬಿಟ್ಟ ಚೌಕಾಬಾರದ ಕಾಯಿಗಳ ಮುಂದೆ ಕೂತು, "ನನ್ನ ಕಾಯಿ ಈ ಮನ್ಯಾಗ ಇತ್ತು, ಯಾರು ಹಿಂದ ಸರಿಸಿದ್ರಿ?" ಎಂದು ಜಗಳ ತೆಗೆಯುತ್ತಾನೆ. ಗುರುಶಾಂತಪ್ಪ ಮುಖ ಸಣ್ಣದು ಮಾಡಿಕೊಂಡು ಕಾಯಿಯನ್ನು ಮೊದಲಿನ ಮನೆಗೆ ಇಡುತ್ತಾನೆ. ನಮ್ಮೂರ ನಾಯಿಗಳೂ ಹೊಸಬನಿಗೆ ಬೊಗಳುವುದಿಲ್ಲ. ಹೆಸರು ಹಿಡಿದು ಕರೆದರೆ ಅವಕ್ಕೂ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ನನ್ನ ಹೆಸರು ಹಂಪವ್ವ. ನನ್ನ ಗಂಡ ಕೊಟ್ರಪ್ಪ. ನಮ್ಮದು ಮಂಡಕ್ಕಿ ಭಟ್ಟಿ, ಆಟದ ಬಯಲಿಗೆ ಬೆನ್ನು ಹಚ್ಚಿಕೊಂಡೇ ಇದೆ. ಬಯಲಿನ ಅಂಚಿನಲ್ಲಿ, ಅಂಕಣದ ನಡುಗೆರೆ ಮುಗಿಯುವಲ್ಲಿ, ಗೆರೆಯಮ್ಮ ಇದ್ದಾಳೆ. ಗುಡಿ ಇಲ್ಲ, ಗೋಪುರ ಇಲ್ಲ, ಮೊಣಕಾಲೆತ್ತರದ ಕಲ್ಲು. ಅವಳ ಮೈಯ ಅರ್ಧ ನಮ್ಮ ಪಾಲಿನ ಅಂಕಣದ ಕಡೆ, ಅರ್ಧ ಎದುರಾಳಿಯ ಅಂಕಣದ ಕಡೆ. ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆ ಅವಳಿಗೆ ನೀರು ಹಾಕಿ ಎರಡು ಹೂವು ಇಡುವುದು ನನ್ನ ಪಾಲಿಗೆ ಬಂದ ಸೇವೆ. ನಮ್ಮ ಅತ್ತೆ ಮಾಡುತ್ತಿದ್ದಳು, ಅವಳ ಕೈಯಿಂದ ನನ್ನ ಕೈಗೆ ಬಂತು.

ಆಟ ನಿಂತ ತಿಂಗಳುಗಳಲ್ಲಿ ಊರಿಗೆ ಊರೇ ನಮ್ಮ ಭಟ್ಟಿಯ ಮುಂದೆ ಕೂರುತ್ತದೆ. ಮುಂಗಾರಿನ ತಂಪಿಗೆ ಮಂಡಕ್ಕಿ ಮೆತ್ತಗಾಗುತ್ತದೆ, ಕೊಳ್ಳುವವರು ಕಡಿಮೆ, ಒಲೆಯ ಬಿಸಿಗೆ ಬಂದವರು ಜಾಸ್ತಿ. ಮಾತೆಲ್ಲ ಒಂದೇ. ಈ ಸಲ ಯಾರು ಹೋಗುತ್ತಾರೆ, ಯಾರು ಬರುತ್ತಾರೆ. ಕಟ್ಟಳೆ ಸರಳ: ವರ್ಷದ ಕೊನೆಯ ಪಂದ್ಯ ಗೆದ್ದ ಊರು ಸೋತ ಊರಿನಿಂದ ಒಬ್ಬನನ್ನು ಕೇಳಬಹುದು, ಬದಲಿಗೆ ತನ್ನಲ್ಲಿಂದ ಒಬ್ಬನನ್ನು ಕೊಡಬೇಕು. ಕೇಳುವ ಹೆಸರು ಆಷಾಢದ ಮೊದಲ ಸೋಮವಾರದವರೆಗೆ ಹೊರಬೀಳುವುದಿಲ್ಲ. ಅಲ್ಲಿಯವರೆಗೆ ಹೊಳೆಯಲ್ಲಿ ಬಟ್ಟೆ ಒಗೆಯುವವರಿಂದ ಹಿಡಿದು ಬಳೆಗಾರನವರೆಗೆ ಎಲ್ಲರ ಬಾಯಲ್ಲೂ ಒಂದೊಂದು ಹೆಸರು.

"ಸುಣ್ಣದೂರಿನವ್ರು ನಮ್ಮ ತಂಡದ ಉದ್ದನವನ್ನ ಕೇಳ್ತಾರಂತ," ಎಂದು ಗುರುಶಾಂತಪ್ಪ ಶುರುಮಾಡುತ್ತಿದ್ದ. "ಖಾತ್ರಿ ಸುದ್ದಿ."

"ಹೋದ ವರ್ಷನೂ ನಿನ್ನ ಸುದ್ದಿ ಖಾತ್ರೀನೇ ಇತ್ತು," ಎನ್ನುತ್ತಿದ್ದ ನನ್ನ ಗಂಡ, ಬಾಣಲೆಯ ಕಾದ ಮರಳು ಕೆದಕುತ್ತ. "ನೀನು ಹೇಳಿದ್ದು ಆಗಂಗಿಲ್ಲ ಅನ್ನೋದೇ ನಮಗ ಧೈರ್ಯ. ಇನ್ನೊಂದೆರಡು ಹೆಸರು ಹೇಳು, ಅವ್ರೂ ಉಳೀಲಿ."

ನಾನು ಇವರ ಮಾತಿಗೆ ಸೇರುತ್ತಿರಲಿಲ್ಲ. ಕಿವಿ ಮಾತ್ರ ಅಲ್ಲೇ ಇರುತ್ತಿತ್ತು. ಅದರಲ್ಲಿ ಒಂದು ಹೆಸರು ಬರದಿರಲಿ ಎಂದು ಗೆರೆಯಮ್ಮನಿಗೆ ದಿನವೂ ಒಂದು ಹೂವು ಹೆಚ್ಚಿಗೆ ಇಡುತ್ತಿದ್ದೆ.

ಆ ಹೆಸರು ಭರಮ.

ಭರಮ ನಮ್ಮೂರಿಗೆ ಬಂದಾಗ ಮೀಸೆ ಇನ್ನೂ ಗಟ್ಟಿಯಾಗಿರಲಿಲ್ಲ. ಗೆರೆ ದಾಟಿ ಎದುರಾಳಿಯ ಅಂಕಣಕ್ಕೆ ನುಗ್ಗುವುದರಲ್ಲಿ ಅವನಂಥವನನ್ನು ನಾನು ಕಂಡಿಲ್ಲ. ಹುತುತು ಎನ್ನುತ್ತ ಒಳಗೆ ಹೋದನೆಂದರೆ ನೀರಿಗೆ ಇಳಿದ ಹಾವಿನ ಹಾಗೆ, ಎಲ್ಲಿ ತಲೆ, ಎಲ್ಲಿ ಬಾಲ ತಿಳಿಯುತ್ತಿರಲಿಲ್ಲ. ಮುಟ್ಟುತ್ತಿದ್ದ, ಒಬ್ಬರನ್ನಲ್ಲ, ಇಬ್ಬರನ್ನು. ಆದರೆ ತಿರುಗಿ ಬರುವುದು ಅವನಿಗೆ ನೆನಪಾಗುತ್ತಿರಲಿಲ್ಲ. ಅಲ್ಲೇ ತನ್ಮಯನಾಗಿ ಬಿಡುತ್ತಿದ್ದ. ಉಸಿರು ಮುಗಿಯುತ್ತಿತ್ತು, ಎದುರಾಳಿಗಳು ಕಾಲು ಹಿಡಿದು ಕೆಡವುತ್ತಿದ್ದರು. ಹುತುತು ಅನ್ನುವುದು ಒಂದೇ ಉಸಿರಿನ ಆಟ. ಹೋಗುವುದಕ್ಕೂ ಬರುವುದಕ್ಕೂ ಅದೇ ಉಸಿರು.

"ಹೋಗೋದು ಬರತೈತಿ, ಬರೋದು ಬರಂಗಿಲ್ಲ," ಎಂದು ಜನ ನಗುತ್ತಿದ್ದರು.

ಭಟ್ಟಿಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕಾದ ಮರಳಿನಲ್ಲಿ ಅಕ್ಕಿ ಹಾಕಿದರೆ ಅರಳುವುದಕ್ಕೂ ಸೀಯುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಕೆದಕುವವನ ಮುಖಕ್ಕೆ ಹೊಗೆ, ಅವನಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಕೂತವರು ಹೇಳಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಗಂಡನಿಗೆ ಹೇಳುವ ಮಾತು ಅದೊಂದೇ: "ಸಾಕು, ತೆಗೀರಿ." ನಮ್ಮ ಸಂಸಾರದಲ್ಲಿ ಜಗಳಕ್ಕೂ ಪ್ರೀತಿಗೂ ಅದೇ ಮಾತು ಬಳಸಿದ್ದೇವೆ.

ಒಂದು ದಿನ ಗೆರೆಯಮ್ಮನ ಪಕ್ಕ ಕೂತು ಆಟ ನೋಡುತ್ತಿದ್ದೆ. ಭರಮ ಒಳಗೆ ಹೋಗಿದ್ದ. ಅವನ ಎಡಗೈ ನನ್ನ ಕಡೆಗಿತ್ತು. ನೋಡನೋಡುತ್ತ ಅವನ ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿ, ಉಳಿದ ಬೆರಳುಗಳ ಕೆಳಗೆ ಹೋಗಿ ಅಡಗಿತು, ಹಾಲು ಕುಡಿದು ಮಲಗಿದ ಕೂಸಿನ ಮುಷ್ಟಿಯ ಹಾಗೆ. ಅವನಿಗೆ ಅದು ಗೊತ್ತಿರಲಿಲ್ಲ. ಹಿಂದೆ ಸಿಕ್ಕಿಬಿದ್ದಾಗಲೆಲ್ಲ ಹೀಗೇ ಮಡಚಿತ್ತು ಎಂದು ನನಗೆ ಆಗ ಹೊಳೆಯಿತು. ಬಾಯಿಗೆ ಬಂದದ್ದು ಭಟ್ಟಿಯ ಮಾತೇ.

"ಸಾಕು, ಬಾ."

ಭರಮ ತಿರುಗಿದ. ಒಂದೇ ನೆಗೆತಕ್ಕೆ ಗೆರೆಯ ಈಚೆ ಬಂದು ಬಿದ್ದ. ಎದ್ದು ಮೈಗೆ ಹತ್ತಿದ ಮಣ್ಣನ್ನು ಗೆರೆಯಮ್ಮನ ಮುಂದೆ ಕೊಡವಿ, ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡು, ನನ್ನ ಕಡೆ ನೋಡಿ, "ಯಕ್ಕಾ, ಇನ್ನ ಮ್ಯಾಲೆ ನೀನೇ ಕರಿ," ಎಂದ.

ಅಲ್ಲಿಂದ ಬಹಳ ವರ್ಷ ನಾನೇ ಕರೆದೆ. ಅವನು ಒಳಗೆ ಹೋಗುತ್ತಿದ್ದ, ನಾನು ಹೆಬ್ಬೆರಳು ನೋಡುತ್ತಿದ್ದೆ, ಮಡಚಿದ ಕೂಡಲೇ ಕರೆಯುತ್ತಿದ್ದೆ. ಯಾವ ಸಂಕೇತ ನೋಡಿ ಕರೆಯುತ್ತೇನೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಅವನು ಅದನ್ನೇ ನೋಡಿಕೊಳ್ಳಲು ಹೋಗಿ ಆಟ ಕೆಡಿಸಿಕೊಂಡಾನು ಎಂದು ನನ್ನ ಭಯ. ಪಂದ್ಯ ಮುಗಿದ ಮೇಲೆ ಭಟ್ಟಿಗೆ ಬಂದು, ಅಕ್ಕಿಯ ಮೂಟೆಯ ಮೇಲೆ ಕಾಲು ಮಡಚಿ ಕೂತು, "ಯಕ್ಕಾ, ಒಗ್ಗರಣಿ ಮಂಡಕ್ಕಿ. ಹಸಿಮೆಣಸಿನಕಾಯಿ ಬ್ಯಾಡ," ಎನ್ನುತ್ತಿದ್ದ. ಹುಲಿಯಂಥ ಹುಡುಗ, ಖಾರ ತಡೆಯುತ್ತಿರಲಿಲ್ಲ. ಕೊಟ್ರಪ್ಪ ಬೇಕಂತಲೇ ಒಂದು ಮೆಣಸಿನಕಾಯಿ ಹುದುಗಿಸಿ ಇಡುತ್ತಿದ್ದ. ಭರಮ ಅದನ್ನು ಹುಡುಕಿ ತೆಗೆದು ಅವನ ಚಹಾದ ಬಟ್ಟಲಿಗೆ ಹಾಕುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಇಂಥ ಗಲಾಟೆಗಳೇ ಹಬ್ಬ.

ಒಂದು ವರ್ಷ ಕೊನೆಯ ಪಂದ್ಯವನ್ನು ಸುಣ್ಣದೂರಿಗೆ ಸೋತೆವು. ಹೊಳೆಯ ಆಚೆ, ಸುಣ್ಣದ ಗೂಡುಗಳ ಊರು ಅದು. ಆಷಾಢದ ಮೊದಲ ಸೋಮವಾರ ಅವರ ಕಡೆಯವನು ಬಂದು ಹೆಸರು ಹೇಳಿದ. ಗುರುಶಾಂತಪ್ಪ ಅಲ್ಲಿಯವರೆಗೆ ಹನ್ನೊಂದು ಮಂದಿಯ ಹೆಸರು ಹೇಳಿದ್ದ, ಭರಮನದನ್ನು ಒಮ್ಮೆಯೂ ಹೇಳಿರಲಿಲ್ಲ.

ಸೇತುವೆಯವರೆಗೆ ನಾನೂ ಗಾಡಿಯಲ್ಲಿ ಹೋದೆ. ಬರೀ ಮಂಡಕ್ಕಿ ಕಟ್ಟಿಕೊಂಡಿದ್ದೆ, ದೊಡ್ಡ ಗಂಟು. ಭರಮ ಅದನ್ನು ಹೆಗಲಿಗೆ ಹಾಕಿಕೊಂಡ.

"ನಡುವಿಗೆ ಹೋದ ಮ್ಯಾಲೆ ಇದು ಯಾರ ಮಂಡಕ್ಕಿ ಅಂತ ಗೊತ್ತಾಗಂಗಿಲ್ಲಲ್ಲ ಯಕ್ಕಾ," ಎಂದ.

"ಹಸಿವಾದ್ರ ತಿನ್ನು. ಯಾರದಾದ್ರೇನು?"

"ಮರ್ತೆ ಅಂತ ಬೈಬ್ಯಾಡ."

"ಬೈದ್ರ ನಿನಗೆಲ್ಲಿ ಕೇಳಬೇಕು?" ಎಂದೆ. ಇಬ್ಬರೂ ನಕ್ಕೆವು.

ಅವನು ನಡೆದ. ಹೆಜ್ಜೆಗೊಮ್ಮೆ ತಿರುಗಿ ಕೈಯೆತ್ತುತ್ತಿದ್ದ. ಆಚೆಯಿಂದ ಒಬ್ಬ ಗಟ್ಟಿ ಆಳು ಬರುತ್ತಿದ್ದ, ಅವನೂ ತಿರುಗಿ ತಿರುಗಿ ತನ್ನವರಿಗೆ ಕೈ ಮಾಡುತ್ತಿದ್ದ. ನಡುವಿನಲ್ಲಿ ಇಬ್ಬರೂ ದಾಟಿದರು. ಆಮೇಲೆ ಭರಮ ತಿರುಗಲಿಲ್ಲ. ಬಂದವನು ದೂರದಿಂದಲೇ ನನ್ನನ್ನು ನೋಡಿ ಕೈಯೆತ್ತಿದ.

ನಾನು ಗಾಡಿ ಹತ್ತಿ ಮುಖ ತಿರುಗಿಸಿ ಕೂತೆ.

ಬಂದವನ ಹೆಸರು ದಾದಾಪೀರ. ಅಂಕಣದಲ್ಲಿ ನುಗ್ಗುವವನಲ್ಲ, ಹಿಡಿಯುವವನು; ಮೂಲೆಯಲ್ಲಿ ನಿಂತು ಬಂದವನ ಪಾದ ಕಸಿಯುವುದು ಅವನ ವಿದ್ಯೆ. ಮರುದಿನ ಬೆಳಿಗ್ಗೆ ನಮಾಜು ಮುಗಿಸಿಕೊಂಡು ನೆಟ್ಟಗೆ ಭಟ್ಟಿಗೆ ಬಂದ. ಅದೇ ಮೂಟೆಯ ಮೇಲೆ ಕಾಲು ಮಡಚಿ ಕೂತ.

"ಯಕ್ಕಾ, ಒಗ್ಗರಣಿ ಮಂಡಕ್ಕಿ," ಎಂದ. ಬುಟ್ಟಿಯ ಕಡೆ ನೋಡಿ, "ನನಗ ಹಸಿಮೆಣಸಿನಕಾಯಿ ಇರಲಿ. ಬ್ಯಾಡ ಅಂತ ನೆನಪು ಹೇಳತೈತಿ, ಬೇಕು ಅಂತ ನಾಲಿಗಿ ಹೇಳತೈತಿ," ಎಂದ.

ನಾನು ಹಾಕಿ ಕೊಟ್ಟೆ. ಅವನು ತಿಂದು, ಗೆರೆಯಮ್ಮನ ಹತ್ತಿರ ಹೋಗಿ, ನನ್ನ ಹೂವು ಜಾರಿದ್ದನ್ನು ನೋಡಿ ಸರಿಯಾಗಿ ಇಟ್ಟು ಹೋದ. ಭರಮ ಇಡುತ್ತಿದ್ದ ರೀತಿಯಲ್ಲೇ, ಎಡಕ್ಕೆ ಓರೆಯಾಗಿ. ಅದನ್ನು ನೋಡಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರದೋ ಮನೆಯ ಪೆಟ್ಟಿಗೆ ತೆರೆದು ಸೀರೆ ಉಟ್ಟುಕೊಂಡು ಬಂದವರ ಮೇಲೆ ಬರುವಂಥ ಸಿಟ್ಟು.

"ಆ ಹುಡುಗನ ಮ್ಯಾಲೆ ಯಾಕ ಉರೀತಿ?" ಎಂದು ಗಂಡ ಕೇಳಿದ. "ಅವನೇನು ಕದ್ದಾನ? ಕೊಟ್ಟಿದ್ದನ್ನ ಹೊತ್ತುಕೊಂಡು ಬಂದಾನ. ಅವನು ಆಡಿದ ಊರು ಈಗ ಅವನಿಗಿಲ್ಲ, ಅದು ನಿನಗ ನೆನಪಿರಲಿ."

ಆ ಮಾತು ನನ್ನೊಳಗೆ ಇಳಿಯಲು ದೀಪಾವಳಿ ಬರಬೇಕಾಯಿತು. ಆಟ ಶುರುವಾಯಿತು. ನಾನು ಗೆರೆಯಮ್ಮನ ಪಕ್ಕ ಕೂತೆ. ಕರೆಯುವುದಕ್ಕೆ ಯಾರೂ ಇರಲಿಲ್ಲ. ನಮ್ಮ ಕಡೆಯಿಂದ ಒಳಗೆ ಹೋಗುವ ಹೊಸ ಹುಡುಗರಿಗೆ ಹೋಗುವುದೂ ಬರುವುದೂ ಎರಡೂ ಚೆನ್ನಾಗಿ ಬರುತ್ತಿತ್ತು. ಸಾಕು, ಬಾ ಎನ್ನುವ ಮಾತು ಬಳಸದ ಪಾತ್ರೆಯ ಹಾಗೆ ಮೂಲೆಗೆ ಬಿದ್ದಿತ್ತು. ಒಂದು ಸಂಜೆ ದಾದಾಪೀರ ಬಂದು ಪಕ್ಕದಲ್ಲಿ ಕೂತ.

"ಯಕ್ಕಾ, ಒಂದು ಮಾತು ಹೇಳ್ಲಾ? ಭರಮಣ್ಣ ಹೇಳಿರಂಗಿಲ್ಲ. ಒಳಗ ಇದ್ದವ್ರಿಗೆ ಇಂಥಾವು ಹೇಳಾಕ ಬರಂಗಿಲ್ಲ."

"ಹೇಳು."

"ನನ್ನ ನೆನಪಿನ್ಯಾಗ ಐತಿ. ಒಳಗ ಹೋದಾಗ ಅವನಿಗೆ ಗೆರಿ ಕಾಣಿಸ್ತಿರಲಿಲ್ಲ. ಉಸಿರು ಎಷ್ಟು ಉಳದೈತಿ ಅಂತನೂ ಗೊತ್ತಾಗ್ತಿರಲಿಲ್ಲ. ಆದ್ರ ಹೆದರಿಕಿ ಇರಲಿಲ್ಲ. ಯಕ್ಕ ಕರೀತಾಳ ಅನ್ನೋದೊಂದು ಇತ್ತು. ಅದರ ಮ್ಯಾಲೆ ಅಷ್ಟು ದೂರ ಹೋಗ್ತಿದ್ದ."

ನಾನು ಸೆರಗಿನಿಂದ ಕಲ್ಲಿನ ಮೇಲಿನ ದೂಳು ಒರೆಸಿದೆ. ಅವತ್ತಿನಿಂದ ಅವನ ತಟ್ಟೆಗೆ ಮೆಣಸಿನಕಾಯಿ ಹಾಕುವಾಗ ನನ್ನ ಕೈ ತಡೆಯುತ್ತಿರಲಿಲ್ಲ.

ಆ ವರ್ಷ ಹೊಳೆ ದಾಟಿ ಬರುವ ಉಪ್ಪಿನ ವ್ಯಾಪಾರಿ ಪ್ರತಿ ವಾರ ಸುಣ್ಣದೂರಿನ ಸುದ್ದಿ ತರುತ್ತಿದ್ದ. ಭರಮ ಸೋಲುತ್ತಿದ್ದಾನೆ. ಮುಟ್ಟುತ್ತಾನೆ, ಎಂದಿನ ಹಾಗೆ ಇಬ್ಬರನ್ನು ಮುಟ್ಟುತ್ತಾನೆ, ಆಮೇಲೆ ತಿರುಗಿ ಬರುವ ಬದಲು ಅಲ್ಲೇ ನಿಂತುಬಿಡುತ್ತಾನೆ. ಕುತ್ತಿಗೆ ಸ್ವಲ್ಪ ಓರೆ ಮಾಡಿ ನಿಲ್ಲುತ್ತಾನಂತೆ. ಹಿಡಿದು ಕೆಡವುತ್ತಾರೆ. ಸುಣ್ಣದೂರಿನವರು, ಇವನಿಗೆ ಕಿವಿಯಲ್ಲಿ ಗಾಳಿ ಹೊಕ್ಕಿದೆ ಎಂದು ಬೇವಿನೆಣ್ಣೆ ಬಿಟ್ಟರಂತೆ.

"ಕೇಳಿ ಕೇಳಿ ಒಯ್ದರಲ್ಲ, ಅನುಭವಿಸಲಿ," ಎಂದು ಗುರುಶಾಂತಪ್ಪ ತೊಡೆ ತಟ್ಟಿದ. ಭಟ್ಟಿಯ ಮುಂದೆ ಕೂತವರೆಲ್ಲ ನಕ್ಕರು. ದಾದಾಪೀರ ನಗಲಿಲ್ಲ, ನಾನೂ ನಗಲಿಲ್ಲ. ಸೇತುವೆ ಅವನ ನೆನಪನ್ನು ತೆಗೆದುಕೊಂಡಿತ್ತು. ಕಾಯುವುದನ್ನು ಮೈ ಬಿಟ್ಟುಕೊಟ್ಟಿರಲಿಲ್ಲ. ಯಾರನ್ನು, ಯಾವುದಕ್ಕೆ ಎಂದು ತಿಳಿಯದೆ ಪರವೂರಿನ ಅಂಕಣದ ನಡುವೆ ಆ ಹುಡುಗ ಕಾಯುತ್ತಿದ್ದ.

ಯುಗಾದಿ ಹತ್ತಿರ ಬಂತು. ಕೊನೆಯ ಪಂದ್ಯ ಮತ್ತೆ ಸುಣ್ಣದೂರಿನ ಜೊತೆಗೇ ಬಿತ್ತು, ನಮ್ಮ ಬಯಲಿನಲ್ಲಿ. ಊರ ಹಿರಿಯರು ಕೂತು ಮಾತಾಡಿಕೊಂಡರು: ಗೆದ್ದರೆ ಭರಮನನ್ನು ಕೇಳುವುದು, ಬದಲಿಗೆ ದಾದಾಪೀರನನ್ನು ಕೊಡುವುದು. ಅವರವರದು ಅವರವರಿಗೆ. ಸೇತುವೆಯ ನಡುವೆ ದಾಟಿದರೆ ದಾದಾಪೀರನಲ್ಲಿ ಇರುವುದೆಲ್ಲ ಭರಮನಿಗೆ ತಿರುಗಿ ಬರುತ್ತದೆ. ಅವನು ಗಾಡಿಯಿಂದ ಇಳಿದು ಯಕ್ಕಾ ಎನ್ನುತ್ತಾನೆ. ನಾನು ಇದನ್ನು ಕೇಳಿದ ದಿನ ಎರಡು ಸಲ ಅಕ್ಕಿ ಸೀಯಿಸಿದೆ.

ಪಂದ್ಯದ ಬೆಳಿಗ್ಗೆ ದಾದಾಪೀರ ಮೂಟೆಯ ಮೇಲೆ ಕೂತು ತಿನ್ನುತ್ತಿದ್ದ. "ನನ್ನ ಕಥಿ ನೋಡು ಯಕ್ಕಾ," ಎಂದ. "ಅವನನ್ನ ಹಿಡಿದ್ರ ನಾನೇ ಗಾಡಿ ಹತ್ತಬೇಕು. ಬಿಟ್ರ, ಬೇಕಂತ ಬಿಟ್ಟ ಅಂತ ಊರು ಉಗೀತೈತಿ."

"ಏನು ಮಾಡ್ತಿ ಮತ್ತ?"

"ಹಿಡೀತೀನಿ. ಹಿಡಿಯೋದು ನನ್ನ ಕೆಲಸ." ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದ. "ನೀನು ಸುಮ್ಮನಿದ್ರ ಸಾಕು, ಅವನು ತಾನಾಗೇ ಸಿಗ್ತಾನ. ನಿನಗೂ ಗೊತ್ತು, ನನಗೂ ಗೊತ್ತು."

ಕೊಟ್ರಪ್ಪ ಒಲೆಗೆ ಸೌದೆ ಒಡ್ಡುತ್ತ ನಮ್ಮಿಬ್ಬರನ್ನೂ ನೋಡಿದ.

ಸುಣ್ಣದೂರಿನವರ ಗಾಡಿಗಳು ಮಧ್ಯಾಹ್ನಕ್ಕೆ ಬಂದವು. ಭರಮ ಇಳಿದ. ಸೊರಗಿದ್ದ. ಬಯಲು ಸುತ್ತಿ ನೋಡಿ, ವಾಸನೆ ಹಿಡಿದು ಭಟ್ಟಿಯ ಮುಂದೆ ಬಂದು ನಿಂತ. ಮೂಟೆಯ ಮೇಲೆ ಕೂರಲಿಲ್ಲ.

"ಅಮ್ಮಾರ, ಒಗ್ಗರಣಿ ಮಂಡಕ್ಕಿ ಸಿಗತೈತೇನ್ರಿ? ಹಸಿಮೆಣಸಿನಕಾಯಿ ಹಾಕಬ್ಯಾಡ್ರಿ."

ಅಮ್ಮಾರ ಎಂದ. ನಾನು ಒಗ್ಗರಣೆ ಹಾಕಿದೆ. ಕೊಟ್ರಪ್ಪ ಅಭ್ಯಾಸಬಲದಿಂದ ಒಂದು ಮೆಣಸಿನಕಾಯಿಗೆ ಕೈ ಹಾಕಿ, ಮತ್ತೆ ಬುಟ್ಟಿಗೇ ಬಿಟ್ಟ. ಭರಮ ನಿಂತೇ ತಿಂದು, "ಭಾಳ ಚಲೋ ಐತ್ರಿ," ಎಂದು ಕೈ ಒರೆಸಿಕೊಂಡು ಹೋದ. ಗುರುತಿನ ನೆರಳೂ ಆ ಮುಖದಲ್ಲಿರಲಿಲ್ಲ. ಇನ್ನು ಮೂರು ತಿಂಗಳು, ಎಂದುಕೊಂಡೆ. ಇವತ್ತು ಬಾಯಿ ಮುಚ್ಚಿಕೊಂಡು ಕೂತರೆ ಆಷಾಢಕ್ಕೆ ಮನೆಗೆ ಬರುತ್ತಾನೆ.

ಆಟ ಸಮಸಮವಾಗಿ ಸಾಗಿತು. ಬಿಸಿಲು ಇಳಿಯುವ ಹೊತ್ತಿಗೆ ಎರಡೂ ಕಡೆ ಒಂದೇ ಲೆಕ್ಕ, ಉಳಿದದ್ದು ಒಂದೇ ನುಗ್ಗು, ಅದು ಸುಣ್ಣದೂರಿನದು. ಅವರಲ್ಲಿ ಹೆಚ್ಚಿನವರು ಔಟಾಗಿ ಹೊರಗೆ ಕೂತಿದ್ದರು. ಭರಮನೇ ಬರಬೇಕಾಯಿತು. ಮುಟ್ಟಿ ತಿರುಗಿ ಹೋದರೆ ಅವರು ಗೆದ್ದರು. ಸಿಕ್ಕಿದರೆ, ಉಸಿರು ಕಡಿದರೆ, ನಾವು.

ಅವನು ಗೆರೆಯ ಆಚೆಯಿಂದ ಬಗ್ಗಿ, ಗೆರೆಯಮ್ಮನ ತನ್ನ ಪಾಲಿನ ಅರ್ಧವನ್ನು ಮುಟ್ಟಿ, ಹುತುತು ಎಂದು ಒಳಗೆ ಬಂದ. ಏನು ಚೆಲುವು ಆ ನುಗ್ಗು. ಎದುರಾಳಿಯಾಗಿ ನೋಡಿದಾಗ ಅದು ಇನ್ನೂ ಚೆಲುವಾಗಿ ಕಂಡಿತು. ಬಲಕ್ಕೆ ಬಾಗಿ ಎಡಕ್ಕೆ ಸರಿದು ನಮ್ಮ ಉದ್ದನೆಯವನ ಮೊಣಕೈ ಮುಟ್ಟಿದ. ಬಯಲೆಲ್ಲ ಹೋ ಎಂದಿತು. ಅಷ್ಟಾದ ಮೇಲೆ ಅವನು ಹೋಗಬೇಕಿತ್ತು. ಹೋಗಲಿಲ್ಲ. ನಮ್ಮ ಅಂಕಣದ ಆಳದಲ್ಲಿ, ಯಾರ ಕೈಗೂ ಸಿಗದ ಒಂದು ಮೊಳ ಜಾಗದಲ್ಲಿ ನಿಂತ. ಬಾಯಲ್ಲಿ ಹುತುತು ನಡೆದೇ ಇತ್ತು, ತೆಳ್ಳಗಾಗುತ್ತ. ಕುತ್ತಿಗೆ ಓರೆಯಾಯಿತು. ಓರೆಯಾದದ್ದು ಗೆರೆಯಮ್ಮನ ಕಡೆಗೆ.

ನಮ್ಮವರು ಕೈ ಕೈ ಹಿಡಿದು ಸುತ್ತುಗಟ್ಟಿದರು. ಮೂಲೆಯಲ್ಲಿ ದಾದಾಪೀರ ಮೊಣಕಾಲು ಬಗ್ಗಿಸಿ ಅಂಗುಲ ಅಂಗುಲ ಸರಿಯುತ್ತಿದ್ದ. ನನ್ನ ಬೆನ್ನ ಹಿಂದೆ ಗುರುಶಾಂತಪ್ಪ, "ಬಂದ, ಬಂದ, ಮನಿಗೆ ಬಂದ ನಮ್ಮ ಹುಡುಗ," ಎಂದು ಪಿಸುಗುಡುತ್ತಿದ್ದ.

ನಾನು ಅವನ ಎಡಗೈ ನೋಡಿದೆ. ಹೆಬ್ಬೆರಳು ಮಡಚಿತು.

ಆಗ ನನ್ನ ಮನಸ್ಸಿನಲ್ಲಿ ಏನೇನು ಬಂತೋ ಎಲ್ಲವನ್ನೂ ಹೇಳಲಾರೆ. ಮೂಟೆ ಬಂತು, ಯಕ್ಕಾ ಎನ್ನುವ ದನಿ ಬಂತು. ಕಣ್ಣು ಕೆಳಗೆ ಹೋದಾಗ ಕಲ್ಲು ಕಂಡಿತು. ಬೆಳಿಗ್ಗೆ ನಾನಿಟ್ಟ ಹೂವು ಗೆರೆಯಮ್ಮನ ನೆತ್ತಿಯ ಮೇಲಿತ್ತು. ಎಷ್ಟೋ ವರ್ಷ ಅವಳಿಗೆ ನೀರು ಹಾಕಿದ್ದೇನೆ, ನಮ್ಮ ಕಡೆಯ ಅರ್ಧಕ್ಕೆ ಮಾತ್ರ ಎಂದು ಹಾಕಿದ್ದಿಲ್ಲ. ಅವನು ಕಾಯುತ್ತಿದ್ದಾನೆ. ನನ್ನ ಮೇಲೆ ಇಟ್ಟ ನಂಬಿಕೆಯಿಂದಲೇ ಅವನ ಕಾಲು ಕಟ್ಟಿ, ಮನೆಗೆ ಎಳೆದು ತಂದು, ಮಂಡಕ್ಕಿ ಕೊಡಬೇಕೆ ನಾನು?

"ಸಾಕು, ಬಾ," ಎಂದೆ.

ಭರಮ ತಿರುಗಿದ. ದಾದಾಪೀರನ ಕೈ ಅವನ ಹಿಮ್ಮಡಿಯನ್ನು ಸವರಿತು, ಹಿಡಿಯಿತು, ಜಾರಿತು. ಒಂದೇ ನೆಗೆತ. ಗೆರೆಯ ಆಚೆ ಹೋಗಿ ಬಿದ್ದ. ಬಾ ಎಂದದ್ದು ನಾನು, ಅವನು ಹೋದದ್ದು ಆಚೆಗೆ. ಬಿದ್ದವನು ಎದ್ದು, ಮೈಯ ಮಣ್ಣನ್ನು ಗೆರೆಯಮ್ಮನ ಮುಂದೆ ಕೊಡವಿ, ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡ. ಹಚ್ಚಿಕೊಂಡ ಬೆರಳನ್ನು ತಾನೇ ನೋಡಿಕೊಂಡು ನಿಂತ, ಇದನ್ನು ಯಾರು ಕಲಿಸಿದರು ಎಂಬಂತೆ.

ಸುಣ್ಣದೂರಿನವರು ಕುಣಿದರು. ನಮ್ಮವರು ಒಬ್ಬೊಬ್ಬರೇ ಎದ್ದರು. ಯಾರು ಕೂಗಿದ್ದು ಎಂದು ಯಾರೂ ಕೇಳಲಿಲ್ಲ. ಆ ದನಿ ಊರಿಗೆಲ್ಲ ಗೊತ್ತು. ಗುರುಶಾಂತಪ್ಪ ಮಾತ್ರ ನನ್ನ ಮುಂದೆ ಬಂದು ನಿಂತು, "ಯಾಕವಾ ಹಂಪವ್ವ?" ಎಂದ. ಅವನ ಕಣ್ಣಲ್ಲಿ ನೀರಿತ್ತು.

"ಹೊತ್ತಾಗಿತ್ತಪ್ಪ," ಎಂದೆ. "ಹೊತ್ತಾದ ಮ್ಯಾಲೆ ಹೇಳದಿದ್ರ ಸೀದು ಹೋಗತೈತಿ."

ಅವನು ತಲೆ ಅಲ್ಲಾಡಿಸಿ ಹೋದ. ಆಮೇಲೆ ಒಂದು ವಾರ ಭಟ್ಟಿಯ ಕಡೆ ಬರಲಿಲ್ಲ. ಎಂಟನೆಯ ದಿನ ಬಂದು, ಯಾವ ಹೆಸರನ್ನೂ ಹೇಳದೆ, ಒಲೆಯ ಮುಂದೆ ಕೂತ.

ಪಂದ್ಯದ ದಿನವೇ ಸಂಜೆ, ಗಾಡಿ ಕಟ್ಟುವ ಹೊತ್ತಿಗೆ, ಭರಮ ಹುಡುಕಿಕೊಂಡು ಬಂದಿದ್ದ. ನಾನು ಕಲ್ಲಿನ ಮುಂದೆ ಸಂಜೆಯ ದೀಪ ಹಚ್ಚುತ್ತಿದ್ದೆ. ಅವನು ಆ ಬದಿಗೆ ಕುಕ್ಕರಗಾಲಲ್ಲಿ ಕೂತ.

"ಅಮ್ಮಾರ, ಕೂಗಿದ್ದು ನೀವೇನ್ರಿ?"

"ಹೂಂ."

"ನಿಮ್ಮೂರು ಸೋತಿತಲ್ರಿ."

"ಸೋತಿತು."

ಅವನು ಕಲ್ಲಿನ ಮುಂದಿನ ಮಣ್ಣನ್ನು ಬೆರಳಿನಿಂದ ಮುಟ್ಟಿದ. "ವರ್ಷೆಲ್ಲ ನನಗ ಏನೋ ಕೇಳಿಸಬೇಕು ಅನಸ್ತಿತ್ರಿ," ಎಂದ. "ಅದು ಬರೋತನ ಕಾಲು ಏಳ್ತಿರಲಿಲ್ಲ. ಇವತ್ತು ಕೇಳಿಸಿತು. ನಾನು ಇಲ್ಲಿ ಆಡಿದ್ನೇನ್ರಿ?"

"ಆಡಿದ್ದಿ."

"ನಿಮ್ಮನ್ನ ಬಲ್ಲೆನೇನ್ರಿ?"

ಅಲ್ಲಿಯೇ, ದೀಪದ ಆಚೆ, ಅಂಕಣದ ಮೂಲೆಯಲ್ಲಿ ದಾದಾಪೀರ ಕಾಲಿನ ಪಟ್ಟಿ ಬಿಚ್ಚುತ್ತ ಕೂತಿದ್ದ. ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಬತ್ತಿ ಸರಿಮಾಡಿದೆ.

"ಎಡಗೈ ಕೊಡು," ಎಂದೆ ಭರಮನಿಗೆ.

ಕೊಟ್ಟ. ನಾನು ಅವನ ಹೆಬ್ಬೆರಳನ್ನು ಒಳಕ್ಕೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿದೆ.

"ಉಸಿರು ಬರೀ ತಿರುಗಿ ಬರೋದಕ್ಕ ಆಗೋವಷ್ಟು ಉಳದಾಗ ಇದು ಹಿಂಗ ಮಡಚತೈತಿ. ನಿನಗ ತಿಳಿಯಂಗಿಲ್ಲ, ನೋಡಾಕ ಹೋಗಬ್ಯಾಡ, ಆಟ ಕೆಡತೈತಿ. ನಿಮ್ಮೂರಾಗ ಯಾರಾದ್ರೂ ಒಬ್ಬರನ್ನ ಗೆರಿ ಪಕ್ಕ ಕೂಡಿಸಿಕೋ. ನಿನ್ನ ಮ್ಯಾಲೆ ಜೀವ ಇದ್ದವರನ್ನ. ಅವ್ರು ಇದನ್ನ ನೋಡಲಿ. ಮಡಚಿದ ಕೂಡಲೇ ಕರೀಲಿ."

ಅವನು ಮುಷ್ಟಿಯನ್ನು ಬಿಚ್ಚಿ ಮಡಚಿ ನೋಡಿಕೊಂಡ.

"ಏನಂತ ಕರೀಬೇಕು ಅಂತ ಹೇಳ್ಲಿರಿ?"

"ಸಾಕು, ಬಾ, ಅಂತ."

"ಅಷ್ಟೇ ಏನ್ರಿ?"

"ಅಷ್ಟೇ."

ಗಾಡಿಯವರು ಕೂಗಿದರು. ಅವನು ಎದ್ದು, ಕಲ್ಲಿಗೆ ಕೈಮುಗಿದು, ನನಗೂ ಮುಗಿದು ಹೋದ. ಕೊಟ್ರಪ್ಪ ಓಡುತ್ತ ಹೋಗಿ ಮಂಡಕ್ಕಿಯ ಗಂಟನ್ನು ಗಾಡಿಯೊಳಗೆ ತುರುಕಿ ಬಂದ. ಅದರೊಳಗೆ ಒಂದು ಹಸಿಮೆಣಸಿನಕಾಯಿ ಹಾಕಿದ್ದೇನೆ ಎಂದು ಆಮೇಲೆ ಹೇಳಿದ. ದಾದಾಪೀರ ಬಂದು ಮೂಟೆಯ ಮೇಲೆ ಕೂತ. ನಾನು ಒಗ್ಗರಣೆಗೆ ಇಟ್ಟೆ.

ಆ ಆಷಾಢದಲ್ಲಿ ಸುಣ್ಣದೂರಿನವರು ನಮ್ಮ ಉದ್ದನೆಯವನನ್ನು ಕೇಳಿದರು. ಗುರುಶಾಂತಪ್ಪನ ಸುದ್ದಿ ಒಮ್ಮೆಯಾದರೂ ನಿಜವಾಯಿತು. ಅವನ ಬದಲಿಗೆ ಬಂದವನು ಗಾಡಿ ಇಳಿದು ನನ್ನನ್ನು ನೋಡಿದ ಕೂಡಲೇ, "ಯಕ್ಕಾ, ಅವತ್ತು ನೀನು ಕೂಗಿದಾಗ ನನಗ ಎಷ್ಟು ಸಿಟ್ಟು ಬಂದಿತ್ತು ಗೊತ್ತೇನು," ಎಂದು ಉದ್ದನೆಯವನ ಸಿಟ್ಟನ್ನು ತಾನು ಮಾಡಿ, ಆಮೇಲೆ ನಕ್ಕ.

ಮುಂದಿನ ದೀಪಾವಳಿ ಕಳೆದು ಆಟ ಶುರುವಾದಾಗ ಉಪ್ಪಿನ ವ್ಯಾಪಾರಿ ಬಂದ. ಭರಮ ಗೆಲ್ಲುತ್ತಿದ್ದಾನಂತೆ. ಸುಣ್ಣದ ಗೂಡಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಆಟದ ದಿನ ಕೆಲಸ ಬಿಟ್ಟು ಬಂದು, ಮೈಗೆಲ್ಲ ಸುಣ್ಣ ಮೆತ್ತಿಕೊಂಡು ಗೆರೆಯ ತುದಿಯಲ್ಲಿ ಕೂರುತ್ತಾಳಂತೆ, ಆಟದ ಕಡೆ ನೋಡದೆ ಅವನ ಕೈಯನ್ನೇ ನೋಡುತ್ತಾಳಂತೆ. ಹೇಗೆ ಕರೆಯುತ್ತಾಳೆ ಎಂದು ನಾನು ಕೇಳಿದೆ. ದನಿ ಒಡಕು, ಎಂದ ಅವನು. ಹೊತ್ತು ಮಾತ್ರ ಸರಿಯಂತೆ.